ವಲೆಟ್ಟಾದ ನೆರಳಿನ ಬದಿ

ಮಾಲ್ಟಾದ ರಾಜಧಾನಿ ವಲೆಟ್ಟಾಕ್ಕೆ ಅಡಿಗಲ್ಲು ಬಿದ್ದದ್ದು 1566ರ ಮಾರ್ಚ್ 28ರಂದು. ಅದರ ಹಿಂದಿನ ಬೇಸಿಗೆಯಲ್ಲಿ ಆಟೊಮನ್ ಸೈನ್ಯ ಸುಮಾರು ನಾಲ್ಕು ತಿಂಗಳು ದ್ವೀಪವನ್ನು ಮುತ್ತಿ, ಗೆಲ್ಲಲಾಗದೆ ಹಡಗು ಹತ್ತಿತ್ತು. ಮತ್ತೆ ಬಂದರೆ ಏನು ಗತಿ ಎಂಬ ಭಯದಲ್ಲೇ ಸೇಂಟ್ ಜಾನ್ ಪಂಥದ ನೈಟ್‌ಗಳು, ಎಂದರೆ ಆಗ ದ್ವೀಪವನ್ನು ಆಳುತ್ತಿದ್ದ ಕ್ರೈಸ್ತ ಯೋಧ ಸನ್ಯಾಸಿಗಳು, ಎರಡು ಬಂದರುಗಳ ನಡುವೆ ಸಮುದ್ರಕ್ಕೆ ಚಾಚಿಕೊಂಡಿದ್ದ ಬೋಳು ಗುಡ್ಡದ ಮೇಲೆ ಹೊಸ ಊರು ಕಟ್ಟಲು ಹೊರಟರು. ನಕ್ಷೆ ಬರೆದವನು ಪೋಪ್ ಕಳುಹಿಸಿಕೊಟ್ಟ ಇಟಲಿಯ ಎಂಜಿನಿಯರ್ ಫ್ರಾಂಚೆಸ್ಕೊ ಲಪರೆಲ್ಲಿ. ಅವನು ದ್ವೀಪ ಬಿಟ್ಟ ಮೇಲೆ ಕೆಲಸ ಮುಂದುವರಿಸಿದವನು ಅಲ್ಲಿಯವನೇ ಆದ ಜಿರೊಲಾಮೊ ಕಸ್ಸಾರ್. ಗುಡ್ಡದ ನೆತ್ತಿಯನ್ನು ಕಡಿದು ನೆಲವನ್ನು ಸಮತಟ್ಟು ಮಾಡಿ, ಅದರ ಮೇಲೆ ಅಡ್ಡ ಉದ್ದ ನೇರ ಬೀದಿಗಳನ್ನು ಹಾಕುವುದು ಮೊದಲ ಯೋಜನೆಯಾಗಿತ್ತು. ಸಮಯ ಸಾಲದೆ ಗುಡ್ಡ ಕಡಿಯುವುದನ್ನು ಕೈಬಿಟ್ಟರು. ನೇರ ಬೀದಿಗಳನ್ನು ಮಾತ್ರ ಬಿಡಲಿಲ್ಲ. ಹಾಗಾಗಿ ಕಾಗದದ ಮೇಲೆ ಬಹಳ ಅಚ್ಚುಕಟ್ಟಾಗಿ ಕಾಣುವ ಈ ಊರು ಕಾಲಿಗೆ ಸಿಕ್ಕಾಗ ಬರೀ ಏರು, ಇಳಿಜಾರು, ಮೆಟ್ಟಿಲು.

ಈ ಚರಿತ್ರೆಯನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ವಲೆಟ್ಟಾದಲ್ಲಿ ಕ್ಯಾಮೆರಾ ಹಿಡಿದು ನಡೆಯುವವನ ಚಿತ್ರದಲ್ಲಿ ಅರ್ಧ ಪಾಲು ನಾಲ್ಕೂವರೆ ಶತಮಾನದ ಹಿಂದೆಯೇ ತೀರ್ಮಾನವಾಗಿದೆ. ಬೀದಿ ಎಷ್ಟು ಅಗಲವಿರಬೇಕು, ಅದರ ಕೊನೆಯಲ್ಲಿ ಸಮುದ್ರ ಕಾಣಬೇಕೋ ಕೋಟೆಯ ಗೋಡೆ ಕಾಣಬೇಕೋ, ಬಿಸಿಲು ಯಾವ ಗೋಡೆಗೆ ಯಾವ ಗಂಟೆಗೆ ತಾಗಬೇಕು ಎಂಬುದೆಲ್ಲ ಆ ನಕ್ಷೆಯಲ್ಲಿ ಬರೆದಿಟ್ಟಿದೆ. ಮೆಡಿಟರೇನಿಯನ್ ಊರುಗಳಿಗೆ ಫೋಟೊ ತೆಗೆಯಲು ಹೋಗುವವರೆಲ್ಲ ಅಲ್ಲಿನ ಬೆಳಕನ್ನು ಹಾಡಿ ಹೊಗಳುತ್ತಾರೆ, ನಾನೂ ಅದನ್ನು ಓದಿಕೊಂಡೇ ಹೋದವನು. ಆದರೆ ಈ ಬೀದಿಗಳ ಇಕ್ಕಟ್ಟು, ಎರಡೂ ಬದಿಯ ಎತ್ತರದ ಮನೆಗಳು, ಕಡಲ ಗಾಳಿ ಊರಿನ ಉದ್ದಗಲಕ್ಕೂ ಹಾಯಲೆಂದು ಬಿಟ್ಟ ನೇರ ದಾರಿಗಳು, ಇವೆಲ್ಲ ಬಿಸಿಲಿನಿಂದ ತಪ್ಪಿಸಿಕೊಳ್ಳಲು ಒದಗಿಬಂದ ಏರ್ಪಾಡುಗಳು. ಇಲ್ಲಿನ ಜನ ನಿಲ್ಲುವುದು, ಮಾತಾಡುವುದು, ಕುರ್ಚಿ ಹಾಕುವುದು ಎಲ್ಲ ನೆರಳಿನ ಬದಿಯಲ್ಲಿ. ಬೆಳಕನ್ನು ಹಿಂಬಾಲಿಸುವ ಫೋಟೊಗ್ರಾಫರ್ ಊರಿನ ಕಲ್ಲನ್ನು ಚೆನ್ನಾಗಿ ತೆಗೆಯುತ್ತಾನೆ, ಊರನ್ನು ತೆಗೆಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ದಿಕ್ಕಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಊರು ನಿಂತಿರುವ ಭೂಶಿರ ನೈಋತ್ಯದಿಂದ ಈಶಾನ್ಯಕ್ಕೆ ಚಾಚಿದೆ. ರಿಪಬ್ಲಿಕ್ ಸ್ಟ್ರೀಟ್, ಮರ್ಚಂಟ್ಸ್ ಸ್ಟ್ರೀಟ್, ಸ್ಟ್ರೇಟ್ ಸ್ಟ್ರೀಟ್ ಮುಂತಾದ ಉದ್ದ ಬೀದಿಗಳು ಅದೇ ದಿಕ್ಕಿಗಿವೆ. ಅಡ್ಡ ಬೀದಿಗಳು ಆಗ್ನೇಯದ ಗ್ರ್ಯಾಂಡ್ ಹಾರ್ಬರ್ ಕಡೆಯಿಂದ ಗುಡ್ಡದ ನೆತ್ತಿಗೆ ಏರಿ ವಾಯವ್ಯದ ಮಾರ್ಸಮ್‌ಶೆಟ್ ಬಂದರಿನ ಕಡೆಗೆ ಇಳಿಯುತ್ತವೆ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರು ದಾಟಿದ ಹೊತ್ತಿಗೆ ಸೂರ್ಯ ಸರಿಯಾಗಿ ಉದ್ದ ಬೀದಿಗಳ ನೇರಕ್ಕೆ ಬಂದು ನಿಲ್ಲುತ್ತಾನೆ, ಅದೂ ದಿಗಂತದಿಂದ ಹದಿನೈದು ಡಿಗ್ರಿಯಷ್ಟೇ ಮೇಲೆ. ಆಗ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಿಸಿಲು ನೆಲಕ್ಕೆ ಸವರಿಕೊಂಡು ಹರಿಯುತ್ತದೆ, ಪ್ರತಿ ಬಾಲ್ಕನಿಯ ಅಂಚಿಗೂ ಒಂದೊಂದು ಗೆರೆ ಹತ್ತುತ್ತದೆ, ಎದುರಿನಿಂದ ಬರುವವರು ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಾರೆ. ಜೂನ್‌ನಲ್ಲಿ ಇದೇ ನೇರಕ್ಕೆ ಸೂರ್ಯ ಬರುವುದು ಮಧ್ಯಾಹ್ನ ಎರಡರ ಹೊತ್ತಿಗೆ, ಆದರೆ ಆಗ ಅವನು ನೆತ್ತಿಯ ಹತ್ತಿರವಿರುತ್ತಾನೆ. ಬೀದಿಯ ನಡುವೆ ಒಂದು ಬಿಸಿಲಿನ ಪಟ್ಟಿ ಬಿದ್ದು, ನೆರಳು ಒಂದು ಗೋಡೆಯ ಬುಡವನ್ನು ಬಿಟ್ಟು ಇನ್ನೊಂದರ ಬುಡಕ್ಕೆ ದಾಟುವ ಗಳಿಗೆ ಅದು. ಊರಿನವರು ಆ ಹೊತ್ತಿಗೆ ಯಾರೂ ಹೇಳದೆಯೇ ರಸ್ತೆ ದಾಟಿ ಎದುರು ಬದಿಗೆ ಹೋಗುತ್ತಾರೆ.

ಬೆಂಗಳೂರಿನ ಬೆಳಕಿನಲ್ಲಿ ಕೈ ಪಳಗಿಸಿಕೊಂಡವರಿಗೆ ಇದು ಹೊಸ ಅಭ್ಯಾಸ. ನಮ್ಮಲ್ಲಿ ಏಪ್ರಿಲ್‌ನಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ಸೂರ್ಯ ನಡುನೆತ್ತಿಗೇ ಬರುತ್ತಾನೆ. ಡಿಸೆಂಬರಿನ ಮಧ್ಯಾಹ್ನದಲ್ಲೂ ಐವತ್ತು ಡಿಗ್ರಿಗಿಂತ ಮೇಲಿರುತ್ತಾನೆ. ಸಂಜೆಯ ಹೊಂಬಣ್ಣ ಕ್ಯಾಮೆರಾ ಹೊರತೆಗೆಯುವಷ್ಟರಲ್ಲಿ ಮುಗಿದಿರುತ್ತದೆ. ಮಾಲ್ಟಾದ ಜೂನ್ ತಿಂಗಳಲ್ಲಿ ರಾತ್ರಿ ಎಂಟೂಕಾಲು ಆದರೂ ಸೂರ್ಯ ಮುಳುಗಿರುವುದಿಲ್ಲ, ಮುಳುಗಿದ ಮೇಲೂ ಅರ್ಧ ಗಂಟೆ ಕಲ್ಲುಗೋಡೆಗಳು ಬಣ್ಣ ಬದಲಿಸುತ್ತಲೇ ಇರುತ್ತವೆ. ಆತುರಪಡುವ ಅಗತ್ಯವಿಲ್ಲ. ನನ್ನ ಮಟ್ಟಿಗೆ ಈ ಪ್ರವಾಸದಲ್ಲಿ ಕಲಿತ ಮೊದಲ ಪಾಠವೇ ಆತುರ ಬಿಡುವುದು, ಅದರಲ್ಲೂ ಊಟದ ಹೊತ್ತಿನಲ್ಲಿ.

ಇನ್ನು ಕಲ್ಲು. ವಲೆಟ್ಟಾದ ಬಹುಪಾಲು ಗೋಡೆಗಳು ಗ್ಲೋಬಿಜೆರಿನ ಎಂಬ ಸುಣ್ಣಕಲ್ಲಿನವು. ಅದೇ ಹೆಸರಿನ, ಕಣ್ಣಿಗೆ ಕಾಣದಷ್ಟು ಸಣ್ಣ ಕಡಲಜೀವಿಗಳ ಚಿಪ್ಪು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂತು ಆದ ಕಲ್ಲು ಇದು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಸುಲಭವಾಗಿ ಕೊಯ್ಯಲು ಬರುತ್ತದೆ, ಗಾಳಿಗೆ ಒಡ್ಡಿಕೊಂಡ ಮೇಲೆ ಮೇಲ್ಮೈ ಗಟ್ಟಿಯಾಗುತ್ತದೆ. ದ್ವೀಪದವರು ಇದನ್ನು ಫ್ರಾಂಕಾ ಕಲ್ಲು ಎನ್ನುತ್ತಾರೆ. ಹತ್ತಿರ ಹೋಗಿ ನೋಡಿದರೆ ಇದು ದೂರದಿಂದ ಕಾಣುವಷ್ಟು ನಯವಲ್ಲ. ಸೇಂಟ್ ಉರ್ಸುಲಾ ಬೀದಿಯ ಮೆಟ್ಟಿಲುಗಳ ಪಕ್ಕದ ಒಂದು ಗೋಡೆಯೆದುರು ನಾನು ಬಹಳ ಹೊತ್ತು ನಿಂತಿದ್ದೆ. ಉಪ್ಪಿನ ಗಾಳಿ ಕಲ್ಲನ್ನು ಒಳಗಿನಿಂದ ತಿಂದು, ಜೇನುಗೂಡಿನಂತೆ ಗೂಡುಗೂಡಾಗಿ ಕೊರೆದಿತ್ತು. ಎರಡು ಕಲ್ಲುಗಳ ನಡುವಿನ ಗಾರೆ ಮಾತ್ರ ತಾನು ಕರಗದೆ ಹೊರಗೆ ಏಣಾಗಿ ಉಳಿದಿತ್ತು. ಬೆರಳಿಟ್ಟರೆ ಹಳದಿ ಪುಡಿ ಅಂಟಿಕೊಂಡಿತು. ಗೋಡೆಯ ಕೆಳಗಿನ ಎರಡು ಸಾಲು ಯಾವುದೋ ಕಾಲದಲ್ಲಿ ಬದಲಾಯಿಸಿದ ಹೊಸ ಕಲ್ಲಿನವಾದ್ದರಿಂದ ಅವು ಬೆಣ್ಣೆಯ ಬಣ್ಣಕ್ಕಿದ್ದವು, ಮೇಲಿನವು ಕಂದಿ ಕಿತ್ತಳೆಗೆ ತಿರುಗಿದ್ದವು. ಇಂಥ ಗೋಡೆಗೆ ಎದುರಿನಿಂದ ಬೀಳುವ ಬಿಸಿಲು ಕೆಲಸಕ್ಕೆ ಬಾರದು. ಪಕ್ಕದಿಂದ, ಗೋಡೆಗೆ ಒರಗಿದ ಹಾಗೆ ಬಂದರೆ ಮಾತ್ರ ಒಂದೊಂದು ಗೂಡಿಗೂ ತನ್ನ ನೆರಳು ಸಿಗುತ್ತದೆ. ಅಂಥ ಬೆಳಕು ಆ ಗೋಡೆಗೆ ದಿನಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಸಿಗುವಂತೆ ಕಾಣಲಿಲ್ಲ.

ಫೋಟೊಗ್ರಾಫಿ ತರಗತಿಗಳಲ್ಲಿ ನೆರಳಿನ ಬಣ್ಣ ನೀಲಿ ಎಂದು ಹೇಳಿಕೊಡುತ್ತಾರೆ. ಬಿಸಿಲಿನ ವರ್ಣತಾಪ (ಬೆಳಕಿನ ಬಣ್ಣದ ಅಳತೆ, ಅಂಕಿ ಹೆಚ್ಚಿದಷ್ಟೂ ನೀಲಿ) ಸುಮಾರು 5500 ಕೆಲ್ವಿನ್ ಆದರೆ ಬಯಲಿನ ನೆರಳಿನದು 7000ಕ್ಕೂ ಮೇಲೆ, ಏಕೆಂದರೆ ಆ ನೆರಳಿಗೆ ಬೆಳಕು ಕೊಡುವುದು ನೀಲಿ ಆಕಾಶ. ವಲೆಟ್ಟಾದ ಇಕ್ಕಟ್ಟಿನ ಬೀದಿಯಲ್ಲಿ ಈ ಮಾತು ಅರ್ಧ ಸುಳ್ಳಾಗುತ್ತದೆ. ಅಲ್ಲಿ ಆಕಾಶ ಮೇಲೊಂದು ತೆಳುವಾದ ಪಟ್ಟಿ ಮಾತ್ರ. ನೆರಳಿನ ಬದಿಗೆ ಬೆಳಕು ಕೊಡುವುದು ಎದುರಿನ ಬಿಸಿಲು ಬಿದ್ದ ಹಳದಿ ಗೋಡೆ. ಹಾಗಾಗಿ ನೆರಳಿನಲ್ಲಿ ನಿಂತ ಮುಖಗಳ ಮೇಲೂ ಜೇನಿನ ಬಣ್ಣ ಇಳಿದಿರುತ್ತದೆ. ಬಣ್ಣವನ್ನು ತಾನೇ ಹೊಂದಿಸುವ ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಇದನ್ನು ದೋಷವೆಂದು ತಿಳಿದು ತಿದ್ದಿಬಿಡುತ್ತದೆ, ಆದ್ದರಿಂದ ಅದನ್ನು ಬಿಸಿಲಿನ ಗುರುತಿಗೆ ಕಟ್ಟಿಹಾಕುವುದು ಒಳ್ಳೆಯದು. ಕ್ರೊಯೇಷಿಯಾದ ಡುಬ್ರೊವ್ನಿಕ್‌ನಲ್ಲಿ ಸುಣ್ಣಕಲ್ಲೇ ಆದರೂ ಬಿಳಿಯದು, ಗಟ್ಟಿಯದು; ಅಲ್ಲಿನ ಮುಖ್ಯ ಬೀದಿ ಸ್ಟ್ರಾಡುನ್‌ನ ಹಾಸುಗಲ್ಲು ಕಾಲ್ತುಳಿತಕ್ಕೆ ನುಣುಪಾಗಿ ಕನ್ನಡಿಯಷ್ಟು ಹೊಳೆಯುತ್ತದೆ, ನೆರಳು ತಣ್ಣಗಿನ ಬೂದಿಬಣ್ಣಕ್ಕಿರುತ್ತದೆ. ಎರಡು ಊರುಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಜಾಗದ ಹೆಸರು ಬರೆಯದಿದ್ದರೂ ಗುರುತಿಸಬಹುದು.

ಹಳೆಯ ಕಾಲದ ಲೆಕ್ಕವೊಂದಿದೆ: ನಿಚ್ಚಳ ಬಿಸಿಲಿನಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಪ್ರಮಾಣ) ಎಷ್ಟಿದೆಯೋ ಶಟರ್ ವೇಗ ಸೆಕೆಂಡಿನ ಸುಮಾರು ಅಷ್ಟನೇ ಒಂದು ಭಾಗ, ಅಪರ್ಚರ್ (ಬೆಳಕು ಬಿಡುವ ಕಿಂಡಿ) ಎಫ್ 16. ಬಯಲಿನ ನೆರಳಿಗೆ ಬಂದರೆ ಎಫ್ 5.6, ಎಂದರೆ ಮೂರು ಸ್ಟಾಪ್; ಒಂದೊಂದು ಸ್ಟಾಪ್ ಇಳಿದಾಗಲೂ ಬೆಳಕು ಅರ್ಧವಾಗುವುದರಿಂದ ಇಲ್ಲಿ ಬೆಳಕು ಎಂಟನೇ ಒಂದು ಪಾಲು. ಆಳವಾದ ಓಣಿಯೊಳಗೆ ಇನ್ನೆರಡು ಸ್ಟಾಪ್ ಇಳಿದರೆ ಅಚ್ಚರಿಯಿಲ್ಲ. ಅಲ್ಲಿಗೆ ಬಿಸಿಲಿನ ಗೋಡೆಗೂ ಬಾಗಿಲಿನಲ್ಲಿ ಕೂತ ಅಜ್ಜಿಗೂ ಮೂವತ್ತೆರಡು ಪಟ್ಟು ವ್ಯತ್ಯಾಸ. ಗೋಡೆಯನ್ನು ಉಳಿಸಿಕೊಂಡರೆ ಅಜ್ಜಿ ಕಪ್ಪು ಆಕೃತಿಯಾಗುತ್ತಾಳೆ, ಅಜ್ಜಿಯನ್ನು ಉಳಿಸಿಕೊಂಡರೆ ಗೋಡೆ ಬೆಳ್ಳಗೆ ಸುಟ್ಟುಹೋಗುತ್ತದೆ. ಪ್ರವಾಸಿ ಚಿತ್ರಗಳಲ್ಲಿ ಹೆಚ್ಚಿನವು ಗೋಡೆಯನ್ನು ಆರಿಸಿಕೊಳ್ಳುತ್ತವೆ, ಊರಿನ ಜನ ಅಲ್ಲಿ ಮುಖವಿಲ್ಲದ ಕಪ್ಪು ಆಕಾರಗಳಾಗಿ ನಡೆದುಹೋಗುತ್ತಾರೆ. ನೋಡಲು ಚೆಂದವೇ. ಅಂಥ ಚಿತ್ರಗಳನ್ನು ನಾನೂ ತೆಗೆದಿದ್ದೇನೆ, ಮುಂದೆಯೂ ತೆಗೆಯುತ್ತೇನೆ, ಆದರೆ ಒಂದು ಊರಿನಿಂದ ತಂದ ಚಿತ್ರಗಳೆಲ್ಲ ಅಂಥವೇ ಆದರೆ ಅಲ್ಲಿ ಯಾರನ್ನೂ ಭೇಟಿಯಾಗಲಿಲ್ಲ ಎಂದಷ್ಟೇ ಅರ್ಥ.

ಈಗಿನ ಫೋನುಗಳು ಇನ್ನೊಂದು ದಾರಿ ಹಿಡಿದಿವೆ. ಅವು ಹಲವು ಎಕ್ಸ್‌ಪೋಶರ್‌ಗಳನ್ನು ಕ್ಷಣಾರ್ಧದಲ್ಲಿ ಬೆಸೆದು ನೆರಳನ್ನು ಮೇಲೆತ್ತುತ್ತವೆ, ಬಿಸಿಲನ್ನು ತಗ್ಗಿಸುತ್ತವೆ, ಕೊನೆಗೆ ಇಡೀ ಬೀದಿ ಮದುವೆ ಮಂಟಪದ ಫ್ಲಡ್‌ಲೈಟ್ ಬಿದ್ದ ಹಾಗೆ ಒಂದೇ ಸಮ ಬೆಳಗುತ್ತದೆ. ಎಲ್ಲವೂ ಕಾಣುತ್ತದೆ ನಿಜ, ಆದರೆ ಅಲ್ಲಿ ತಂಪು ಎಲ್ಲಿತ್ತು ಎಂಬುದು ಮಾತ್ರ ಕಾಣುವುದಿಲ್ಲ. ಬೀದಿಯನ್ನು ಯಾಕಾಗಿ ಇಷ್ಟು ಕಿರಿದಾಗಿ ಕಟ್ಟಿದರು ಎಂಬುದಕ್ಕೆ ಉತ್ತರವೇ ಚಿತ್ರದಿಂದ ಅಳಿಸಿಹೋಗುತ್ತದೆ.

ಖಾಲಿ ಬೀದಿಯ ಹುಚ್ಚು ಮಾತ್ರ ಹೊಸದಲ್ಲ. ವೇಲ್ಸ್‌ನ ಪಾದ್ರಿ ಕ್ಯಾಲ್ವರ್ಟ್ ಜೋನ್ಸ್ 1845–46ರಲ್ಲಿ ಮಾಲ್ಟಾಕ್ಕೆ ಬಂದು ಕ್ಯಾಲೊಟೈಪ್ ವಿಧಾನದಲ್ಲಿ, ಎಂದರೆ ರಾಸಾಯನಿಕ ಸವರಿದ ಕಾಗದದ ನೆಗೆಟಿವ್ ಮೇಲೆ, ಇಲ್ಲಿನ ಚಿತ್ರಗಳನ್ನು ತೆಗೆದ. ಒಂದು ಕಾಗದದಲ್ಲಿ ಹಿಡಿಯದ ದೃಶ್ಯವನ್ನು ಎರಡು ನೆಗೆಟಿವ್‌ಗಳಲ್ಲಿ ತೆಗೆದು ಅಂಚಿಗೆ ಅಂಚು ಕೂಡಿಸುವ ಉಪಾಯವನ್ನೂ ಮಾಡಿದ. ಆ ಕಾಗದಕ್ಕೆ ಮೆಡಿಟರೇನಿಯನ್ ಬಿಸಿಲಿನಲ್ಲೂ ದೀರ್ಘ ಎಕ್ಸ್‌ಪೋಶರ್ ಬೇಕಿತ್ತು, ಆದ್ದರಿಂದ ನಿಲ್ಲಿಸಿದವರು ಚಿತ್ರದಲ್ಲಿ ಉಳಿದರು, ನಡೆಯುತ್ತಿದ್ದವರು ಮಸುಕಾದರು ಇಲ್ಲವೇ ಮಾಯವಾದರು. ಅದು ಉಪಕರಣದ ಮಿತಿ. ಇಂದು ಬೆಳಗಿನ ಆರಕ್ಕೆ ಎದ್ದು, ಟ್ರೈಪಾಡ್ ನಿಲ್ಲಿಸಿ, ಒಬ್ಬ ಮುದುಕ ಬ್ರೆಡ್ ಹಿಡಿದು ಬೀದಿ ದಾಟಿ ಹೋಗುವುದನ್ನೇ ಸಿಟ್ಟಿನಿಂದ ಕಾಯುವವರಿಗೆ ಅಂಥ ಯಾವ ಮಿತಿಯೂ ಇಲ್ಲ. ಕಾದರೂ ಆಗದಿದ್ದರೆ ಆ ಮುದುಕನನ್ನು ಆಮೇಲೆ ಬೆರಳ ತುದಿಯಲ್ಲಿ ಅಳಿಸುವ ತಂತ್ರಾಂಶವೂ ಬಂದಿದೆ.

ಅಳಿಸುವ ಮಾತು ಬಂದದ್ದರಿಂದ ಇದನ್ನು ಹೇಳಬೇಕು: ವಲೆಟ್ಟಾದ ಜನಸಂಖ್ಯೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಪ್ಪತ್ತು ಸಾವಿರ ದಾಟಿತ್ತು, ಈಗ ಐದಾರು ಸಾವಿರ. ಎರಡನೇ ಮಹಾಯುದ್ಧದ ಬಾಂಬುಗಳು ಒಂದು ಕಾರಣ, ಮೆಟ್ಟಿಲಿನ ಹಳೆಯ ಮನೆಗಳನ್ನು ಬಿಟ್ಟು ಹೊರವಲಯದ ಫ್ಲಾಟುಗಳಿಗೆ ಹೋದದ್ದು ಇನ್ನೊಂದು. 1980ರಲ್ಲಿ ಇಡೀ ಊರು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. 55 ಹೆಕ್ಟೇರ್ ಜಾಗದಲ್ಲಿ 320 ಸ್ಮಾರಕಗಳು. 2018ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಯಿತು. ಆಮೇಲೆ ಬಾಗಿಲುಗಳ ಪಕ್ಕದಲ್ಲಿ ನಂಬರ್ ಒತ್ತಿ ತೆರೆಯುವ ಸಣ್ಣ ಕೀಲಿಪೆಟ್ಟಿಗೆಗಳು, ಎಂದರೆ ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟ ಮನೆಗಳ ಗುರುತು, ಹೆಚ್ಚಿದವೆಂದು ಅಲ್ಲಿಯವರು ಹೇಳುತ್ತಾರೆ. ಬಾಗಿಲಿನ ಚಿತ್ರ ತೆಗೆಯುವವರು ಆ ಪೆಟ್ಟಿಗೆಯನ್ನು ಚೌಕಟ್ಟಿನಿಂದ ಹೊರಗಿಡುತ್ತಾರೆ. ನಾನು ಒಳಗೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಆ ಮನೆಯ ಬಗ್ಗೆ ಅದು ಹೇಳುವಷ್ಟನ್ನು ಬಾಗಿಲಿನ ಬಣ್ಣ ಹೇಳುವುದಿಲ್ಲ.

ವಲೆಟ್ಟಾದ ಚಿತ್ರಗಳಲ್ಲಿ ಎಲ್ಲರೂ ಮೊದಲು ಗುರುತಿಸುವುದು ಮರದ ಮುಚ್ಚಿದ ಬಾಲ್ಕನಿಗಳನ್ನು. ಗಲ್ಲರಿಯಾ ಎಂದು ಕರೆಯುವ ಇವು ಹದಿನೆಂಟನೇ ಶತಮಾನದಲ್ಲಿ ಊರೆಲ್ಲ ಹಬ್ಬಿದವು. ಗ್ರ್ಯಾಂಡ್ ಮಾಸ್ಟರ್ ಅರಮನೆಯ ಮೂಲೆಯನ್ನು ಸುತ್ತಿಕೊಂಡಿರುವ ಉದ್ದನೆಯ ಹಸಿರು ಬಾಲ್ಕನಿ ಇವುಗಳಲ್ಲಿ ಹೆಸರಾಂತದ್ದು. ಹಸಿರು, ಕೆಂಪು, ನೀಲಿ, ಕಂದು, ಹೀಗೆ ಒಂದರ ಮೇಲೊಂದು. ಇವನ್ನು ಕೆಳಗಿನಿಂದ ಕ್ಯಾಮೆರಾ ಎತ್ತಿ ತೆಗೆದರೆ ಗೋಡೆಗಳೆಲ್ಲ ಹಿಂದಕ್ಕೆ ವಾಲುತ್ತವೆ. ಇಲ್ಲಿ ಮೆಟ್ಟಿಲು ಬೀದಿಗಳು ಉಪಕಾರಕ್ಕೆ ಬರುತ್ತವೆ: ನಾಲ್ಕಾರು ಮೆಟ್ಟಿಲು ಮೇಲೆ ಹತ್ತಿ ಎದುರಿನ ಮನೆಯ ಮೊದಲ ಮಹಡಿಯ ಸಮಕ್ಕೆ ನಿಂತರೆ ಕ್ಯಾಮೆರಾ ಎತ್ತುವ ಪ್ರಮೇಯವೇ ಬರುವುದಿಲ್ಲ, ಗೆರೆಗಳು ನೆಟ್ಟಗಿರುತ್ತವೆ. ಗುಡ್ಡ ಕಡಿಯದೆ ಬಿಟ್ಟವರಿಗೆ ಫೋಟೊಗ್ರಾಫರುಗಳು ಋಣಿಗಳಾಗಿರಬೇಕು.

ಆದರೆ ಬಾಲ್ಕನಿ ಇರುವುದು ನಾವು ನೋಡಲೆಂದಲ್ಲ, ಒಳಗಿನವರು ನಮ್ಮನ್ನು ನೋಡಲೆಂದು. ಬಿಸಿಲು, ಗಾಳಿ, ಮಳೆ ಯಾವುದೂ ತಾಗದೆ, ಬೀದಿಯಿಂದ ಕಾಣಿಸಿಕೊಳ್ಳದೆ, ಬೀದಿಯ ಎರಡೂ ತುದಿಯವರೆಗೆ ಕಣ್ಣು ಹಾಯಿಸಬಹುದಾದ ಪೆಟ್ಟಿಗೆ ಅದು. ಅಲ್ಲಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಕೆಳಗಿಳಿಸಿ ಬ್ರೆಡ್ಡನ್ನೋ ತರಕಾರಿಯನ್ನೋ ಮೇಲೆಳೆದುಕೊಳ್ಳುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಸಂಜೆ ಹೊತ್ತು ಸ್ಟ್ರೇಟ್ ಸ್ಟ್ರೀಟ್‌ನಲ್ಲಿ ಒಂದು ಮೂಲೆಯನ್ನು ಹಿಡಿಯಲೆಂದು ನಾನು ಕಾಯುತ್ತಿದ್ದಾಗ ಮೇಲಿನಿಂದ ಗಾಜು ಸರಿದ ಸದ್ದಾಯಿತು. ವಯಸ್ಸಾದ ಹೆಂಗಸೊಬ್ಬರು ಇಣುಕಿ, ಇಂಗ್ಲಿಷಿನಲ್ಲಿ, ಅಲ್ಲಿ ಈಗ ಏನೂ ಬರುವುದಿಲ್ಲ, ಏಳರ ನಂತರ ಎದುರುಮನೆಯ ಗಾಜಿನಿಂದ ಬಿಸಿಲು ತಿರುಗಿ ಆ ಬಾಗಿಲಿಗೆ ಬೀಳುತ್ತದೆ ಎಂದರು. ಹಾಗೇ ಆಯಿತು. ಎಷ್ಟು ಜನ ನನ್ನಂಥವರು ಅದೇ ಮೂಲೆಯಲ್ಲಿ ನಿಂತದ್ದನ್ನು ಅವರು ನೋಡಿರಬೇಕೋ ಏನೋ. ಸ್ಟ್ರೇಟ್ ಸ್ಟ್ರೀಟ್ ಒಂದು ಕಾಲದಲ್ಲಿ ಬ್ರಿಟಿಷ್ ನಾವಿಕರ ಕುಡಿತ, ಸಂಗೀತ, ಜಗಳಗಳ ಬೀದಿ. 1979ರಲ್ಲಿ ಬ್ರಿಟಿಷ್ ಪಡೆಗಳು ದ್ವೀಪ ಬಿಟ್ಟ ಮೇಲೆ ಅದು ಬಹಳ ವರ್ಷ ಬಾಗಿಲು ಮುಚ್ಚಿಕೊಂಡಿತ್ತು, ಈಗ ಮತ್ತೆ ವೈನ್ ಬಾರುಗಳ ಬೀದಿಯಾಗಿದೆ. ಹಳೆಯ ಬಾರುಗಳ ಬಣ್ಣ ಕಳೆದ ಫಲಕಗಳನ್ನು ಕೆಲವೆಡೆ ಹಾಗೆಯೇ ಬಿಟ್ಟಿದ್ದಾರೆ. ಅವು ಪ್ರವಾಸಿಗರಿಗಾಗಿ ಉಳಿಸಿದ್ದೋ, ತೆಗೆಸಲು ಯಾರೂ ಇಲ್ಲದೆ ಉಳಿದದ್ದೋ ಎಂದು ಚಿತ್ರ ನೋಡಿ ಹೇಳಲಾಗದು.

ಕತ್ತಲನ್ನು ಚೌಕಟ್ಟಿನಲ್ಲಿ ಕೂರಿಸುವುದು ಹೇಗೆಂದು ತಿಳಿಯಬೇಕಾದವರು ಸೇಂಟ್ ಜಾನ್ ಸಹ-ಕ್ಯಾಥೆಡ್ರಲ್‌ನ ಪ್ರಾರ್ಥನಾಮಂದಿರಕ್ಕೆ ಹೋಗಬೇಕು. ಇಟಲಿಯ ಚಿತ್ರಕಾರ ಕರವಾಜ್ಜೊ 1607ರಲ್ಲಿ, ರೋಮ್‌ನಲ್ಲಿ ಕೊಲೆ ಮಾಡಿ ತಲೆಮರೆಸಿಕೊಂಡು ಮಾಲ್ಟಾಕ್ಕೆ ಬಂದವನು, ಮರುವರ್ಷ ಅಲ್ಲಿಗಾಗಿ ಸಂತ ಯೋಹಾನನ ಶಿರಚ್ಛೇದದ ಚಿತ್ರ ಬರೆದ. ಐದು ಮೀಟರಿಗೂ ಮಿಕ್ಕಿದ ಅಗಲದ ಆ ಕ್ಯಾನ್‌ವಾಸ್‌ನಲ್ಲಿ ನಡೆಯುವುದೆಲ್ಲ ಎಡಭಾಗದಲ್ಲಿ, ಗುಂಪಾಗಿ. ಬಲಕ್ಕೆ ಬಹುತೇಕ ಬರಿಯ ಸೆರೆಮನೆಯ ಗೋಡೆ, ಅದರಲ್ಲೊಂದು ಕಂಬಿ ಕಿಟಕಿ, ಕಿಟಕಿಯಿಂದ ಇಣುಕುವ ಇಬ್ಬರು ಕೈದಿಗಳು. ಅವನು ರುಜು ಹಾಕಿದ್ದೆಂದು ತಿಳಿದಿರುವ ಏಕೈಕ ಚಿತ್ರ ಇದು, ರುಜು ಇರುವುದು ಸಂತನ ಕುತ್ತಿಗೆಯಿಂದ ಹರಿದ ರಕ್ತದಲ್ಲಿ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಬಲಭಾಗ. ಏನೂ ನಡೆಯದ ಕಲ್ಲಿಗೆ ಅಷ್ಟೊಂದು ಜಾಗ ಬಿಟ್ಟುಕೊಡುವ ಧೈರ್ಯ ಎಷ್ಟು ಫೋಟೊಗ್ರಾಫರುಗಳಿಗಿದೆ? ನಾವು ಖಾಲಿ ಜಾಗ ಕಂಡರೆ ಕತ್ತರಿಸುತ್ತೇವೆ, ಇಲ್ಲವೇ ಒಂದು ಬೆಕ್ಕು ಬಂದು ಕೂರಲಿ ಎಂದು ಕಾಯುತ್ತೇವೆ. ಅಲ್ಲಿಂದ ಹೊರಬಂದ ಮೇಲೆ ನನ್ನ ಚಿತ್ರಗಳಲ್ಲಿ ಗೋಡೆಗಳಿಗೆ ಹೆಚ್ಚು ಜಾಗ ಸಿಕ್ಕಿತು, ಬೆಕ್ಕುಗಳಿಗೆ ಕಡಿಮೆ. ಅಂದಹಾಗೆ ಕರವಾಜ್ಜೊ ಅದೇ ವರ್ಷ ನೈಟ್ ಪದವಿ ಪಡೆದು, ಜೈಲು ಸೇರಿ, ಕೋಟೆಯಿಂದ ತಪ್ಪಿಸಿಕೊಂಡು ಓಡಿಹೋದ; ಪಂಥದವರು ಅವನನ್ನು ಹೊರಹಾಕುವ ಸಭೆ ನಡೆಸಿದ್ದು ಇದೇ ಚಿತ್ರವಿರುವ ಕೋಣೆಯಲ್ಲಿ.

ಊರಿನ ಬಾಗಿಲಲ್ಲೇ ಇರುವ ಹೊಸ ಸಂಸತ್ ಭವನವನ್ನು ಬೈಯುವವರು ಅಲ್ಲಿ ಬಹಳ ಜನ. ಇಟಲಿಯ ರೆಂಜೊ ಪಿಯಾನೊ ವಿನ್ಯಾಸ ಮಾಡಿ 2015ರಲ್ಲಿ ಬಳಕೆಗೆ ಬಂದ ಈ ಕಟ್ಟಡವನ್ನು ಹಳೆಯ ಊರಿನ ಚಿತ್ರ ತೆಗೆಯಲು ಬಂದವರು ಬೆನ್ನಿಗೆ ಹಾಕಿಕೊಂಡು ಮುಂದೆ ಹೋಗುತ್ತಾರೆ. ನನಗೆ ಅದು ಇಷ್ಟವಾಯಿತು. ಗೋಜೊ ದ್ವೀಪದಿಂದ ತಂದ ಸುಣ್ಣಕಲ್ಲಿನ ತುಂಡುಗಳನ್ನು ಸೂರ್ಯನ ದಿಕ್ಕಿಗೆ ತಕ್ಕಂತೆ ಯಂತ್ರದಲ್ಲಿ ಕೊರೆದು, ಬಿಸಿಲಿನ ಕಾವು ಒಳಗೆ ಬರದಂತೆ, ಬೆಳಕು ಮಾತ್ರ ಬರುವಂತೆ ಜೋಡಿಸಿದ್ದಾರೆ. ಬೆಳಿಗ್ಗೆ ಹತ್ತರ ಬಿಸಿಲಿನಲ್ಲಿ ಆ ಗೋಡೆ ಪೂರ್ತಿ ಸಣ್ಣ ಸಣ್ಣ ನೆರಳುಗಳಿಂದ ತುಂಬಿಕೊಳ್ಳುತ್ತದೆ, ಉರ್ಸುಲಾ ಬೀದಿಯಲ್ಲಿ ಉಪ್ಪುಗಾಳಿ ಕೊರೆದ ಗೋಡೆಯ ಹಾಗೆಯೇ. ಅದರ ಪಕ್ಕದಲ್ಲಿ 1942ರಲ್ಲಿ ಬಾಂಬ್ ಬಿದ್ದು ಹಾಳಾದ ಒಪೆರಾ ಹೌಸ್‌ನ ಕಂಬಗಳು ಹಾಗೇ ನಿಂತಿವೆ. ಅವುಗಳ ನಡುವೆಯೇ ಬಯಲು ರಂಗಮಂದಿರ ಮಾಡಿದ್ದಾರೆ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ತರಲು ಬರುತ್ತದೆ.

ದ್ವೀಪದ ನಡುವಿನ ಹಳೆಯ ರಾಜಧಾನಿ ಮ್ದಿನಾಕ್ಕೂ ಹೋದೆ. ಅಲ್ಲಿನ ಬೀದಿಗಳು ವಲೆಟ್ಟಾದವಕ್ಕೆ ತದ್ವಿರುದ್ಧ, ನಾಲ್ಕು ಹೆಜ್ಜೆಗೊಮ್ಮೆ ತಿರುಗುತ್ತವೆ. ಮೂರುನೂರು ಜನರೂ ಇಲ್ಲದ, ಕಾರುಗಳಿಗೆ ನಿರ್ಬಂಧವಿರುವ ಊರು. ಡಾಲ್ಫಿನ್ ಆಕಾರದ ಹಿತ್ತಾಳೆಯ ಬಾಗಿಲುಬಡಿಗೆಗಳು ಫಳಫಳ ಹೊಳೆಯುತ್ತಿದ್ದವು, ಎಲ್ಲವೂ ಅಚ್ಚುಕಟ್ಟಾಗಿತ್ತು. ನೈಟ್‌ಗಳು ಮಾಲ್ಟಾಕ್ಕೆ ಬರುವ ಮೊದಲು ಇದ್ದ, ಈಗ ಗ್ರೀಸ್‌ಗೆ ಸೇರಿದ ರೋಡ್ಸ್ ದ್ವೀಪದಲ್ಲಿ ಅವರದೇ ಬೀದಿಯೊಂದನ್ನು ಇಟಲಿಯವರು ಇಪ್ಪತ್ತನೇ ಶತಮಾನದಲ್ಲಿ ದುರಸ್ತಿ ಮಾಡಿದ್ದಾರೆ, ಅಲ್ಲೂ ಇದೇ ಅಚ್ಚುಕಟ್ಟು. ಇಂಥ ಜಾಗಗಳಲ್ಲಿ ಚಿತ್ರ ಸುಲಭವಾಗಿ ಸಿಗುತ್ತದೆ, ಸಿಕ್ಕಿದ್ದು ಬೇಗ ಮರೆತೂ ಹೋಗುತ್ತದೆ.

ವಲೆಟ್ಟಾದ ನೆರಳಿನ ನಕ್ಷೆಯನ್ನು ನನಗಿಂತ ಚೆನ್ನಾಗಿ ಬಲ್ಲವನೊಬ್ಬ ಸೇಂಟ್ ಲೂಸಿಯಾ ಬೀದಿಯ ಮೆಟ್ಟಿಲ ಮೇಲೆ ಕೂತಿದ್ದ. ಮನೆಯವರೊಂದಿಗೆ ಫೋನಿನಲ್ಲಿ ನಾನು ಮಾತಾಡುತ್ತಿದ್ದುದು ಅವನ ಕಿವಿಗೆ ಬಿದ್ದಿತ್ತು.

“ಸರ್, ಕನ್ನಡದವ್ರಾ?”

ಊಟ ತಲುಪಿಸುವ ಕೆಲಸ, ದಾವಣಗೆರೆ ಕಡೆಯ ಹುಡುಗ. ಭಾರತ, ನೇಪಾಳ, ಫಿಲಿಪೀನ್ಸ್‌ಗಳಿಂದ ಬಂದು ಮಾಲ್ಟಾದಲ್ಲಿ ದುಡಿಯುವವರು ಈಗ ಬಹಳ ಮಂದಿ, ಆಸ್ಪತ್ರೆಗಳಲ್ಲಿ, ಹೋಟೆಲ್ ಅಡುಗೆಮನೆಗಳಲ್ಲಿ, ಇವನಂತೆ ಬೆನ್ನಿಗೆ ಚೌಕ ಚೀಲ ಹೊತ್ತು ಸ್ಕೂಟರುಗಳಲ್ಲಿ. “ಮ್ಯಾಪಲ್ಲಿ ಐದು ನಿಮಿಷ ಅಂತ ತೋರಿಸ್ತದೆ ಸರ್, ಮೆಟ್ಲು ಲೆಕ್ಕಕ್ಕೇ ಹಿಡಿಯಲ್ಲ. ಕೆಳಗೆ ಗಾಡಿ ನಿಲ್ಸಿ ಹತ್ತಬೇಕು,” ಎಂದ. ಉದ್ದ ಬೀದಿಗಳಲ್ಲಿ ಬೆಳಿಗ್ಗೆ ಗ್ರ್ಯಾಂಡ್ ಹಾರ್ಬರ್ ಕಡೆಯ ಗೋಡೆ ಹಿಡಿದು ಹೋಗಬೇಕು, ಬೇಸಿಗೆಯಲ್ಲಿ ಎರಡು ಗಂಟೆ ಆದ ಮೇಲೆ ಆಚೆ ಕಡೆಯದು. ಆರ್ಡರ್ ಬರುವವರೆಗೆ ಎಲ್ಲಿ ಕೂತರೆ ಕಲ್ಲು ತಣ್ಣಗಿರುತ್ತದೆ, ಯಾವ ಮೂಲೆಗೆ ಗಾಳಿ ಬರುತ್ತದೆ ಎಂಬುದನ್ನೆಲ್ಲ ಕೈ ತೋರಿಸಿ ಹೇಳಿದ. ನಾನು ಸೂರ್ಯನ ದಿಕ್ಕು ತೋರಿಸುವ ಆ್ಯಪ್ ನೋಡಿ ಬರೆದುಕೊಂಡಿದ್ದ ಟಿಪ್ಪಣಿಯೂ ಅವನ ಮಾತೂ ಒಂದಕ್ಕೊಂದು ಸರಿಯಾಗಿ ಕೂತವು, ಆದರೆ ಗಾಳಿಯ ವಿಷಯ ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ.

ಅವನು ಕೂತಿದ್ದ ಜಾಗದಲ್ಲಿ ಎದುರುಗೋಡೆಯ ಬೆಳಕು ಮುಖಕ್ಕೆ ಚೆನ್ನಾಗಿ ಬರುತ್ತಿತ್ತು. ಒಂದು ಫೋಟೊ ತೆಗೆಯಲೇ ಎಂದು ಕೇಳಿದೆ.

“ಇಲ್ಲಿ ಬೇಡ ಸರ್, ನೆರಳಲ್ಲಿ ಕಪ್ಪಗೆ ಬರ್ತೀನಿ. ಮೇಲೆ ಪಾರ್ಕಲ್ಲಿ ತೆಗೀರಿ, ಹಿಂದೆ ಸಮುದ್ರ ಬರ್ಲಿ. ಅಮ್ಮನಿಗೆ ಕಳಿಸ್ಬೇಕು.”

ಅಪ್ಪರ್ ಬರಾಕ್ಕಾ ಉದ್ಯಾನಕ್ಕೆ ಹೋದೆವು. ಕೆಳಗಿನ ಕೊತ್ತಲದಲ್ಲಿ ದಿನಾ ಹನ್ನೆರಡಕ್ಕೂ ನಾಲ್ಕಕ್ಕೂ ತೋಪು ಹಾರಿಸುತ್ತಾರೆ. ಹನ್ನೆರಡರದ್ದು ನೋಡಲು ಜನ ಕಟಾಂಜನಕ್ಕೆ ಒತ್ತಿ ನಿಂತಿದ್ದರು. ಸುಡುಬಿಸಿಲಿನಲ್ಲಿ, ಕಣ್ಣು ಕಿರಿದು ಮಾಡಿಕೊಂಡು, ಮೂಗಿನ ಕೆಳಗೆ ಚೂಪು ನೆರಳು ಬಿದ್ದ ಮುಖದೊಂದಿಗೆ ಅವನು ನಿಂತ. ಹಿಂದೆ ಗ್ರ್ಯಾಂಡ್ ಹಾರ್ಬರ್ ಪೂರ್ತಿ ಬಂತು. ಚೀಲ ಮಾತ್ರ ಕಾಣದ ಹಾಗೆ ನೋಡಿಕೊಂಡ. ಅಮ್ಮನಿಗೆ ಕಳುಹಿಸುವ ಫೋಟೊ ಹೇಗಿರಬೇಕು ಎಂಬುದರಲ್ಲಿ ಅವನಿಗೆ ಯಾವ ಅನುಮಾನವೂ ಇರಲಿಲ್ಲ, ಅದರಲ್ಲಿ ನನ್ನ ಅಭಿರುಚಿಗೆ ಕೆಲಸವೂ ಇರಲಿಲ್ಲ. ಬೀದಿಯಲ್ಲಿ ಅಪರಿಚಿತರ ಮುಖ ಕೇಳದೆ ತೆಗೆಯಬಹುದೇ ಎಂಬ ಚರ್ಚೆ ಫೋಟೊಗ್ರಾಫರುಗಳ ನಡುವೆ ಮುಗಿಯುವುದೇ ಇಲ್ಲ. ಕೇಳಿದರೆ ಸಹಜತೆ ಹೋಗುತ್ತದೆ ಎಂಬುದು ಒಂದು ಕಡೆಯವರ ವಾದ. ಕೇಳಿದರೆ ಎದುರಿಗಿರುವವರಿಗೂ ತಮ್ಮದೇ ಆದ ಒಂದು ಚಿತ್ರ ಮನಸ್ಸಿನಲ್ಲಿದೆ ಎಂಬುದು ತಿಳಿಯುತ್ತದೆ, ಆ ವಾದ ಮಾಡುವವರು ಈ ಲಾಭವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈ ಊರಿಗೆ ಮತ್ತೆ ಹೋಗುವುದಾದರೆ ಫೆಬ್ರವರಿ 10ಕ್ಕೆ ಹೋಗಬೇಕೆಂದಿದ್ದೇನೆ. ಸಂತ ಪೌಲನ ಹಡಗು ಒಡೆದು ಅವನು ಮಾಲ್ಟಾದ ದಡ ಸೇರಿದ್ದರ ನೆನಪಿನ ಹಬ್ಬ ಅಂದು. ಸಂತನ ಮರದ ಮೂರ್ತಿಯನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಹೊರಡುತ್ತಾರೆ, ಬಾಲ್ಕನಿಗಳಿಂದ ಕಾಗದದ ಚೂರುಗಳನ್ನು ಮಳೆಯಂತೆ ಸುರಿಯುತ್ತಾರೆ. ವರ್ಷವಿಡೀ ಮುಚ್ಚಿರುವ ಗಾಜುಗಳೆಲ್ಲ ಅಂದು ತೆರೆದು, ಊರಿನವರೆಲ್ಲ ಕಣ್ಣಿಗೆ ಕಾಣುವಂತೆ ಮೇಲೆ ನಿಂತಿರುತ್ತಾರಂತೆ. ಚಳಿಗಾಲದ ತಗ್ಗು ಸೂರ್ಯ, ಕಿರಿದಾದ ಬೀದಿ, ಗಾಳಿಯಲ್ಲಿ ತೇಲುವ ಕಾಗದ: ನೆರಳಿನಿಂದ ಬಿಸಿಲಿಗೆ ಬಂದ ಚೂರುಗಳು ಮಾತ್ರ ಹೊತ್ತಿಕೊಂಡ ಹಾಗೆ ಕಾಣಬಹುದು. ಶಟರ್ ಸೆಕೆಂಡಿನ ಐನೂರನೇ ಒಂದು ಭಾಗಕ್ಕಿಂತ ನಿಧಾನವಿದ್ದರೆ ಅವು ಗೆರೆಗಳಾಗುತ್ತವೆ, ಅದೂ ಕೆಟ್ಟದ್ದೇನಲ್ಲ.

ಸದ್ಯಕ್ಕೆ ತಂದ ಚಿತ್ರಗಳನ್ನು ಕಾಗದಕ್ಕೆ ಇಳಿಸುವ ಕೆಲಸ ನಡೆದಿದೆ. ಇಂದಿನ ಒಳ್ಳೆಯ ಸೆನ್ಸರ್ ಹನ್ನೆರಡರಿಂದ ಹದಿನಾಲ್ಕು ಸ್ಟಾಪ್‌ನಷ್ಟು ಬೆಳಕಿನ ವ್ಯತ್ಯಾಸವನ್ನು ಹಿಡಿಯಬಲ್ಲದು, ಕಾಗದ ಸುಮಾರು ಅದರ ಅರ್ಧದಷ್ಟನ್ನೇ. ಆದ್ದರಿಂದ ಎಲ್ಲಿ ಬಿಟ್ಟುಕೊಡಬೇಕು ಎಂಬ ಪ್ರಶ್ನೆ ಬೀದಿಯಲ್ಲಿ ಮುಗಿಯದೆ ಮನೆಯವರೆಗೂ ಬಂದಿದೆ. ಹೊಳಪಿಲ್ಲದ ಹತ್ತಿಕಾಗದದಲ್ಲಿ ನೆರಳು ಇನ್ನಷ್ಟು ಮುಚ್ಚಿಕೊಳ್ಳುತ್ತದೆ, ಹೊಳಪಿನ ಕಾಗದದಲ್ಲಿ ಕಲ್ಲಿಗೆ ಇಲ್ಲದ ನುಣುಪು ಬರುತ್ತದೆ. ನಾನು ಹತ್ತಿಕಾಗದವನ್ನೇ ಆರಿಸಿಕೊಂಡು, ಗೋಡೆಯ ನೆತ್ತಿ ಸ್ವಲ್ಪ ಸುಟ್ಟರೂ ಸುಡಲಿ ಎಂದು ಬಿಟ್ಟು, ಬಾಗಿಲ ಬಳಿಯ ಮುಖಗಳನ್ನು ಒಂದು ಸ್ಟಾಪ್ ಮೇಲೆತ್ತುತ್ತಿದ್ದೇನೆ. ಒಂದು ಸ್ಟಾಪ್‌ಗಿಂತ ಹೆಚ್ಚಿಗೆ ಎತ್ತಿದರೆ ಆ ಮೆಟ್ಟಿಲು ತಂಪಾಗಿತ್ತೆಂದು ನೋಡಿದವರು ನಂಬುವುದಿಲ್ಲ.